ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಅಳೆಯಲು ಎಂಥ ಎಲೈಸಾ ಕಿಟ್ ಕೊಳ್ಳಬೇಕು?

ಪ್ರಶ್ನೆ: ಹಾಸನದಲ್ಲಿ ಜೀವರಸಾಯನ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ ನಾನು. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ದುಡಿಯುವ ಮಹಿಳೆಯರ ರಕ್ತಹೀನತೆ ನನ್ನ ವಿಷಯ. ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಅಳೆಯಬೇಕು. ಇದು ಜೀವಕೋಶ ಕಬ್ಬಿಣವನ್ನು ಒಳಗೆಳೆದುಕೊಳ್ಳಲು ಬಳಸುವ ಪ್ರೋಟೀನ್, ಕಬ್ಬಿಣ ಕಡಿಮೆಯಾದಾಗ ಹೆಚ್ಚುತ್ತದೆ. ಅಳೆಯುವುದು ಎಲೈಸಾದಿಂದ, ಅಂದರೆ ಎರಡು ಪ್ರತಿಕಾಯಗಳಿಂದ ಪ್ರೋಟೀನನ್ನು ಹಿಡಿದು, ಏಳುವ ಬಣ್ಣದಿಂದ ಅದರ ಪ್ರಮಾಣ ತಿಳಿಯುವ ವಿಧಾನದಿಂದ. ಕಿಟ್‌ಗಳ ಬೆಲೆಯಲ್ಲಿ ಅಜಗಜಾಂತರವಿದೆ. ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ: ಬೆಲೆಯ ಮಾತು ಆಮೇಲಿರಲಿ ಮೇಡಂ. ಈ ಪ್ರೋಟೀನ್ ಇರುವುದು ಜೀವಕೋಶದ ಪೊರೆಯಲ್ಲಿ. ಅದರ ಹೊರಚಾಚಿದ ಭಾಗ ತುಂಡಾಗಿ ರಕ್ತಕ್ಕೆ ಸೇರುತ್ತದೆ. ನೀವು ಅಳೆಯುವುದು ಆ ತುಂಡನ್ನು. ಹಾಗಾಗಿ ಕಿಟ್‌ನ ಎರಡೂ ಪ್ರತಿಕಾಯಗಳು ಹೊರಭಾಗವನ್ನೇ ಹಿಡಿಯುವಂಥವಾಗಿರಬೇಕು. ಒಂದು ಪ್ರತಿಕಾಯ ಕೋಶದೊಳಗೆ ಉಳಿಯುವ ಭಾಗವನ್ನು ಗುರುತಿಸುವಂಥದ್ದಾದರೆ, ಒಡೆದ ಕೋಶಗಳ ದ್ರಾವಣದಲ್ಲಿ ಚೆನ್ನಾಗಿ ನಡೆದ ಕಿಟ್ ಸೀರಂನಲ್ಲಿ ಕೈಕೊಡುತ್ತದೆ. ಕೊಳ್ಳುವ ಮೊದಲು ಮಾಹಿತಿ ಹಾಳೆ ತರಿಸಿಕೊಳ್ಳಿ. ಸೀರಂ ಅನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳುಮಾಡಿ ಅಳೆದು, ಅದೇ ಪಟ್ಟಿನಿಂದ ಗುಣಿಸಿದರೆ ಹೆಚ್ಚುಕಡಿಮೆ ಒಂದೇ ಮೌಲ್ಯ ಬಂದಿದೆಯೇ ನೋಡಿ. ಆ ಕೋಷ್ಟಕವನ್ನು ತೋರಿಸದ ಕಂಪನಿ ಪುಕ್ಕಟೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಉತ್ತರ: ಚಿಕ್ಕಮಗಳೂರಿನಲ್ಲಿ ಲ್ಯಾಬ್ ತಂತ್ರಜ್ಞೆಯಾಗಿದ್ದೇನೆ. ಕಿಟ್‌ನ ಪ್ಲೇಟಿನಲ್ಲಿ 96 ವೆಲ್ (ಸಣ್ಣ ಗುಳಿ) ಎಂದರೆ 96 ಸ್ಯಾಂಪಲ್ ಎಂದು ಗೈಡ್‌ಗೆ ಲೆಕ್ಕ ಕೊಡಬೇಡಿ. ಏಳು ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ), ಒಂದು ಬ್ಲ್ಯಾಂಕ್ (ಪ್ರೋಟೀನ್ ಇಲ್ಲದ್ದು), ಎಲ್ಲವೂ ಜೋಡಿಯಾಗಿ ಎಂದರೆ 16 ವೆಲ್ ಅಲ್ಲೇ ಹೋಯಿತು. ಉಳಿದದ್ದರಲ್ಲಿ ಹಿಡಿಯುವುದು 40 ಸ್ಯಾಂಪಲ್ ಮಾತ್ರ. ಬೆಂಗಳೂರಿನಿಂದ ಕಿಟ್ ಕಳುಹಿಸುವವರಿಗೆ ಸೋಮವಾರವೇ ಕಳುಹಿಸಿ ಎಂದು ಹೇಳಿ. ಶನಿವಾರ ಬಂದ ಪೆಟ್ಟಿಗೆ ಕೊರಿಯರ್ ಕಚೇರಿಯಲ್ಲೇ ಭಾನುವಾರ ಕಳೆಯುತ್ತದೆ, ಐಸ್‌ಪ್ಯಾಕ್ ನೀರಾಗಿರುತ್ತದೆ. ಇನ್ನು, ಬಫರ್ ಕೆಡದಿರಲಿ ಎಂದು ಸೋಡಿಯಂ ಅಜೈಡ್ ಬೆರೆಸುವ ಅಭ್ಯಾಸ ನಿಮ್ಮ ಲ್ಯಾಬಿನಲ್ಲಿದ್ದರೆ ಈ ಕೆಲಸಕ್ಕೆ ಅದನ್ನು ಬಳಸಬೇಡಿ. ಅದು ಬಣ್ಣ ಬರಿಸುವ ಪೆರಾಕ್ಸಿಡೇಸ್ ಕಿಣ್ವವನ್ನು ತಡೆಯುತ್ತದೆ, ಬಣ್ಣವೇ ಏಳುವುದಿಲ್ಲ. ಟಿಎಂಬಿ (ಆ ಕಿಣ್ವದಿಂದ ಬಣ್ಣಕ್ಕೆ ತಿರುಗುವ ದ್ರಾವಣ) ನೀಲಿಯಾದ ಮೇಲೆ ಆಮ್ಲವನ್ನು ಟಿಎಂಬಿ ಹಾಕಿದ ಕ್ರಮದಲ್ಲೇ ಹಾಕಿ. ಹಳದಿಗೆ ತಿರುಗಿದ ಪ್ಲೇಟನ್ನು ಚಹಾ ಕುಡಿದು ಬಂದು ಓದೋಣ ಎನ್ನದೆ, ಆಗಲೇ 450 ನ್ಯಾನೊಮೀಟರ್‌ನಲ್ಲಿ ಓದಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಪ್ರೋಟೀನ್) ಒಂದೇ ಸಾಲದೇ ಎಂದು ಗೈಡ್ ಕೇಳುತ್ತಿದ್ದಾರೆ.

ಉತ್ತರ: ಸಾಲದು. ಜ್ವರ, ಸೋಂಕು, ಉರಿಯೂತ ಇದ್ದಾಗ ಕಬ್ಬಿಣ ಕಡಿಮೆಯಿದ್ದರೂ ಫೆರಿಟಿನ್ ಏರಿಬಿಡುತ್ತದೆ. ರಿಸೆಪ್ಟರ್ ಮೇಲೆ ಉರಿಯೂತದ ಪ್ರಭಾವ ಅಷ್ಟಿಲ್ಲ. ಆದರೆ ಥಲಸೀಮಿಯಾ (ಹಿಮೋಗ್ಲೋಬಿನ್‌ನ ಆನುವಂಶಿಕ ಕಾಯಿಲೆ) ಇದ್ದವರಲ್ಲಿ ಕಬ್ಬಿಣ ಸಾಕಷ್ಟಿದ್ದರೂ ರಿಸೆಪ್ಟರ್ ಹೆಚ್ಚುತ್ತದೆ, ಅವರನ್ನು ಬೇರೆ ಇಡಿ. ಎರಡನ್ನೂ ಅಳೆಯಿರಿ. ಅಧ್ಯಯನದ ನಡುವೆ ಕಂಪನಿ ಬದಲಿಸಬೇಡಿ; ಒಬ್ಬೊಬ್ಬರ ಸ್ಟ್ಯಾಂಡರ್ಡ್ ಒಂದೊಂದು ತರಹ, ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬೇಕಾದಷ್ಟು ಕಿಟ್‌ಗಳನ್ನು ಒಂದೇ ಲಾಟ್‌ನಲ್ಲಿ (ಒಟ್ಟಿಗೆ ತಯಾರಾದ ಕಂತು) ತರಿಸಿ.