ಟ್ರಾಫಿಕ್‌ನಲ್ಲಿ ಡಿಸಿಟಿ ಸೆಡಾನ್ ಗಡಗಡ ನಡುಗುತ್ತೆ, ಹೈವೇಲಿ ಏನೂ ಇಲ್ಲ. ಕ್ಲಚ್ ಹೋಗಿದ್ಯಾ?

ಓಆರ್‌ಆರ್_ಪಯಣಿಗ
ನಮಸ್ಕಾರ ಎಲ್ರಿಗೂ. ನಂದು 1.5 ಟರ್ಬೋ ಪೆಟ್ರೋಲ್ ಸೆಡಾನ್, 7 ಸ್ಪೀಡ್ ಡ್ಯುಯಲ್ ಕ್ಲಚ್ (ಡಿಸಿಟಿ, ಅಂದ್ರೆ ಎರಡು ಕ್ಲಚ್ ಇರೋ ಆಟೋಮ್ಯಾಟಿಕ್), 2023ರದ್ದು, 30 ಸಾವಿರ ಕಿಮೀ ದಾಟಿದೆ. ಯಾವ ಕಂಪನಿ ಅಂತ ಹಾಕ್ತಿಲ್ಲ, ಸರ್ವಿಸ್‌ನೋರ ಜೊತೆ ಇನ್ನೂ ಮಾತುಕತೆ ನಡೀತಿದೆ, ದಯವಿಟ್ಟು ಕೇಳ್ಬೇಡಿ. ಹೈವೇಲಿ ಈ ಗಾಡಿಗೆ ಒಂದು ಮಾತು ಅನ್ನೋ ಹಾಗಿಲ್ಲ, ನೆಲಮಂಗಲದಲ್ಲಿ ಹಾಸನ ಕಡೆ ತಿರುಗಿದ್ರೆ ಸಾಕು, ಲಾರಿ ಓವರ್‌ಟೇಕ್ ಮಾಡ್ಲಾ ಬೇಡ್ವಾ ಅಂತ ಯೋಚ್ನೆ ಮಾಡೋಷ್ಟರಲ್ಲಿ ಲಾರಿ ಹಿಂದೆ ಉಳ್ಕೊಂಡಿರುತ್ತೆ. ತೊಂದ್ರೆ ಇರೋದು ಊರೊಳಗೆ. ಸಂಜೆ ಸಿಲ್ಕ್ ಬೋರ್ಡಿಂದ ಮಾರತ್ತಹಳ್ಳಿ ಕಡೆ ಗಾಡಿ ತೆವಳ್ತಾ ಹೋಗುತ್ತಲ್ಲ, ಆಗ 10-12 ಸ್ಪೀಡಲ್ಲಿ ಫಸ್ಟಿಂದ ಸೆಕೆಂಡಿಗೆ ಬಿದ್ದ ತಕ್ಷಣ ನಡುಕ ಶುರು, ಕಪ್ ಹೋಲ್ಡರಲ್ಲಿರೋ ಬಾಟ್ಲಿ ನೀರು ಕುಣಿಯುತ್ತೆ. ಒಂದ್ಸಲ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಡಿಸ್‌ಪ್ಲೇಲಿ ವಾರ್ನಿಂಗ್ ಬಂತು, ಮನೆಯೋರು ಪಕ್ಕದಲ್ಲೇ ಕೂತಿದ್ರು, ಇಷ್ಟು ದುಡ್ಡು ಸುರಿದು ಇದನ್ನ ತಗೊಂಡ್ಯಾ ಅಂತ ಮನೆ ತಲುಪೋವರೆಗೂ ಮಂಗಳಾರತಿ. ಸರ್ವಿಸ್ ಅಡ್ವೈಸರ್ ಒಂದು ರೌಂಡ್ ಓಡ್ಸಿ 'ನಾರ್ಮಲ್ ಸರ್, ಎಲ್ಲಾ ಗಾಡೀನೂ ಹೀಗೇ' ಅಂದ. ಹೊರಗಿನ ಗ್ಯಾರೇಜಲ್ಲಿ ಕ್ಲಚ್ ಪ್ಯಾಕೇ (ಎರಡೂ ಕ್ಲಚ್ ಸೇರಿದ ಸೆಟ್ಟು) ಹೋಗಿದೆ, ಲಕ್ಷದ ಮೇಲೆ ಇಟ್ಕೊಳಿ ಅಂತಾರೆ. ಯಾರನ್ನ ನಂಬೋದು?

ಗೇರ್‌ಬಾಕ್ಸ್_ಗಿರಾಕಿ
ಸದ್ಯಕ್ಕೆ ಇಬ್ರನ್ನೂ ಬಿಡಿ. ಮೊದ್ಲು ಇದು ಕ್ಲಚ್ಚೇ ಅಂತ ಖಾತ್ರಿ ಮಾಡ್ಕೊಳಿ. ಸ್ಪಾರ್ಕ್ ಪ್ಲಗ್ಗೋ ಇಗ್ನಿಷನ್ ಕಾಯಿಲೋ ವೀಕ್ ಆದ್ರೂ ಗಾಡಿ ನಡುಗುತ್ತೆ, ಆದ್ರೆ ಅದು ಲೋಡ್ ಬಿದ್ದಾಗ ಯಾವ ಗೇರಲ್ಲಾದ್ರೂ ಬರುತ್ತೆ. ಖಾಲಿ ರೋಡಲ್ಲಿ ಮ್ಯಾನ್ಯುಅಲ್ ಮೋಡಿಗೆ ಹಾಕಿ 4ನೇ ಗೇರಲ್ಲಿ ಏರು ಹತ್ತಿಸ್ತಾ ಆಕ್ಸಿಲರೇಟರ್ ಒತ್ತಿ ನೋಡಿ, ಆಗ ಕ್ಲಚ್ ಪೂರ್ತಿ ಕಚ್ಕೊಂಡಿರುತ್ತೆ, ಆಗ್ಲೂ ಜರ್ಕ್ ಬಂದ್ರೆ ಎಂಜಿನ್ ಕಡೆ ನೋಡ್ಬೇಕು. ಎಂಜಿನ್ ಮೌಂಟ್ ಹೋಗಿದ್ರೆ ಡಿಯಿಂದ ಆರ್‌ಗೆ ಹಾಕಿದಾಗ ಧಡ್ ಅನ್ನುತ್ತೆ, ನಿಂತಲ್ಲೇ ಸ್ಟೇರಿಂಗ್ ನಡುಗ್ತಾ ಇರುತ್ತೆ.

ಆಮೇಲೆ ನಿಮ್ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ರ‍್ಯಾಂಪಲ್ಲಿ ರಿವರ್ಸಲ್ಲಿ ನಿಧಾನಕ್ಕೆ ಹತ್ತಿಸಿ ನೋಡಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಳ್ಳಿ. ಈ 7 ಸ್ಪೀಡ್ ಬಾಕ್ಸಲ್ಲಿ 1, 3, 5, 7 ಒಂದು ಕ್ಲಚ್ ಮೇಲೆ, 2, 4, 6 ಮತ್ತೆ ರಿವರ್ಸ್ ಇನ್ನೊಂದರ ಮೇಲೆ. ಸೆಕೆಂಡಲ್ಲೂ ನಡುಗಿ ರಿವರ್ಸಲ್ಲೂ ನಡುಗಿದ್ರೆ ಯಾವ ಕ್ಲಚ್ ಅಂತ ಅಲ್ಲೇ ಗೊತ್ತಾಗುತ್ತೆ.

ಓಆರ್‌ಆರ್_ಪಯಣಿಗ
ನೋಡಿದೆ. 4ನೇ ಗೇರಲ್ಲಿ ಏನೂ ಇಲ್ಲ, ಬೆಣ್ಣೆ. ರ‍್ಯಾಂಪಲ್ಲಿ ರಿವರ್ಸ್ ಹತ್ತಿಸಿದ್ರೆ ಬಿಸಿ ಇದ್ದಾಗ ಸ್ವಲ್ಪ ನಡುಗುತ್ತೆ, ಬೆಳಿಗ್ಗೆ ಇಲ್ಲ. ಎಂಜಿನ್ ಲೈಟ್ ಬಂದಿಲ್ಲ.

ಕುಡ್ಲ_ಟರ್ಬೋ
ನಂದು ಇದಕ್ಕೆ ಉಲ್ಟಾ ಮಾರಾಯ್ರೆ, ಬೆಳಿಗ್ಗೆ ತೆಗೆದ ಕೂಡ್ಲೇ ನಡುಗ್ತದೆ, ಒಂದೆರಡು ಕಿಲೋಮೀಟರ್ ಹೋದ ಮೇಲೆ ಸರಿ ಆಗ್ತದೆ. ಮಳೆಗಾಲದಲ್ಲಿ ಜಾಸ್ತಿ. ಇಲ್ಲಿ ಜೂನ್ ಜುಲೈ ಅಂದ್ರೆ ಮನೆ ಒಳಗಿನ ಚಪ್ಪಲಿಗೂ ಬೂಸ್ಟು ಹಿಡೀತದೆ, ಮತ್ತೆ ಆಯಿಲ್ ಇಲ್ಲದ ಒಣ ಕ್ಲಚ್ಚಿಗೆ ತೇವ ಹಿಡಿಯುದಿಲ್ವಾ? ನಾನು ತಲೆ ಕೆಡಿಸ್ಕೊಳ್ಳುದಿಲ್ಲ. ಶಿರಾಡಿ ಹತ್ತುವಾಗ ಸ್ಟೇರಿಂಗ್ ಹಿಂದಿನ ಗೇರ್ ಪ್ಯಾಡಲ್ ಎಳೆದು ಥರ್ಡಲ್ಲಿ ಹಿಡ್ಕೊಂಡ್ರೆ ಉಂಟಲ್ಲ, ಆ ಮಜಾಕ್ಕೆ ಇದೆಲ್ಲ ಮಾಫಿ.

ಗೇರ್‌ಬಾಕ್ಸ್_ಗಿರಾಕಿ
ಕುಡ್ಲದವರದ್ದು ತೇವದ್ದೇ, ಹಾಗೇ ಬಿಡ್ಬಹುದು. ಪಯಣಿಗರದ್ದು ಬಿಸಿದು, ಅದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಓದೋ ತಾಳ್ಮೆ ಇರ್ಲಿ.

ವೆಟ್ ಕ್ಲಚ್ ಆದ್ರೆ ಪ್ಲೇಟ್‌ಗಳು ಆಯಿಲಲ್ಲಿ ಮುಳುಗಿರ್ತವೆ, ಬಿಸಿನ ಆಯಿಲ್ ಹೊತ್ಕೊಂಡು ಹೋಗುತ್ತೆ. ನಮ್ದು ಡ್ರೈ, ಬಿಸಿ ಹೋಗಕ್ಕೆ ಸುತ್ತ ಇರೋ ಕಬ್ಬಿಣ ಮತ್ತೆ ಗಾಳಿ ಬಿಟ್ರೆ ಬೇರೆ ದಾರಿ ಇಲ್ಲ. ಓಡುವಾಗ ಪರ್ವಾಗಿಲ್ಲ, ಕ್ಲಚ್ ಪೂರ್ತಿ ಕಚ್ಚಿರುತ್ತೆ, ಉಜ್ಜಾಟನೇ ಇಲ್ಲ. ತೆವಳುವಾಗ್ಲೇ ಕಷ್ಟ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದ್ಲು ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸೋ ಆಟೋಮ್ಯಾಟಿಕ್) ಗಾಡಿ ಥರ ಬ್ರೇಕ್ ಬಿಟ್ರೆ ತಾನೇ ಮುಂದೆ ಹೋಗ್ಲಿ ಅಂತ ಸಾಫ್ಟ್‌ವೇರ್ ಕ್ಲಚ್‌ನ ಅರ್ಧ ಹಿಡಿದು ಇಟ್ಕೊಂಡಿರುತ್ತೆ, ಅಂದ್ರೆ ಹಾಫ್ ಕ್ಲಚ್ಚಲ್ಲಿ ಊರೆಲ್ಲ ಸುತ್ತಿದ ಲೆಕ್ಕ. ಅದ್ರ ಮೇಲೆ ಮೈಲೇಜ್ ಬರ್ಲಿ ಅಂತ ಬೇಗ ಸೆಕೆಂಡಿಗೆ ಬೀಳುತ್ತೆ, ಸೆಕೆಂಡಲ್ಲಿ ಆ ಸ್ಪೀಡಿಗೆ ಕ್ಲಚ್ ಇನ್ನೂ ಜಾಸ್ತಿ ಜಾರ್ಬೇಕು. ನಿಮ್ ನಡುಕ ಕರೆಕ್ಟಾಗಿ ಅಲ್ಲೇ ಬರ್ತಿರೋದು.

ಹಾಗಾಗಿ ತೆವಳೋ ಟ್ರಾಫಿಕ್‌ನಲ್ಲಿ ಮ್ಯಾನ್ಯುಅಲ್ ಮೋಡಿಗೆ ಹಾಕಿ ಫಸ್ಟಲ್ಲೇ ಇಟ್ಕೊಳಿ, ಬೇಜಾರಾದ್ರೆ ಎಸ್ (ಸ್ಪೋರ್ಟ್) ಮೋಡ್, ಅದೂ ಫಸ್ಟ್‌ನ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ. ಮುಂದಿನ ಗಾಡಿ ಒಂದಡಿ ಹೋಯ್ತು ಅಂತ ನೀವೂ ಒಂದಡಿ ಹೋಗ್ಬೇಡಿ. ಎರಡು ಕಾರಿನಷ್ಟು ಜಾಗ ಆಗ್ಲಿ, ಆಮೇಲೆ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಕೊಟ್ಟು ಸರಿಯಾಗಿ ಎಳೀರಿ, ಕ್ಲಚ್ ಬೇಗ ಕಚ್ಕೊಳ್ಳುತ್ತೆ, ಮತ್ತೆ ನಿಲ್ಸಿ. ಹೌದು, ಆ ಗ್ಯಾಪಲ್ಲಿ ಆಟೋ ನುಗ್ತಾನೆ, ಸ್ಕೂಟರ್ ನುಗ್ತಾನೆ, ಹಿಂದಿನೋನು ಹಾರ್ನ್ ಹೊಡೀತಾನೆ. ಹೊಡೀಲಿ, ಕ್ಲಚ್ಚಿಗೆ ಅವ್ನು ದುಡ್ಡು ಕೊಡಲ್ಲ. ನಿಂತಾಗ ಬ್ರೇಕ್ ಪೂರ್ತಿ ಒತ್ತಿ ಇಲ್ಲಾ ಆಟೋ ಹೋಲ್ಡ್ (ನಿಂತಾಗ ಬ್ರೇಕ್‌ನ ತಾನೇ ಹಿಡ್ಕೊಳ್ಳೋ ಬಟನ್) ಹಾಕಿ, ಅರೆಬರೆ ಒತ್ತಿದ್ರೆ ಕ್ಲಚ್ ಕಚ್ಚೋಕೆ ಹೋಗ್ತಾನೇ ಇರುತ್ತೆ. ಏರಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಸೋದಂತೂ ಬೇಡ್ವೇ ಬೇಡ.

ಮಲ್ನಾಡ್_ಮಾಣಿ
ಸಿಗ್ನಲಲ್ಲಿ ನ್ಯೂಟ್ರಲ್‌ಗೆ ಹಾಕ್ಬೇಕು ಅಂತಾರಲ್ಲ? ನಮ್ ಡ್ರೈವರ್ ಪ್ರತಿ ಸಲ ಹಾಕ್ತಾನೆ.

ಗೇರ್‌ಬಾಕ್ಸ್_ಗಿರಾಕಿ
ಬ್ರೇಕ್ ಪೂರ್ತಿ ಒತ್ತಿದ್ರೆ ಕ್ಲಚ್ ತಾನೇ ಬಿಟ್ಕೊಳ್ಳುತ್ತೆ, ಅರ್ಧ ನಿಮಿಷದ ಸಿಗ್ನಲ್‌ಗೆ ನ್ಯೂಟ್ರಲ್ ಹಾಕಿ ಏನೂ ಲಾಭ ಇಲ್ಲ. ರೈಲ್ವೆ ಗೇಟಲ್ಲಿ ನಿಂತ್ರೆ ಹಾಕಿ, ಕಾಲಿಗಾದ್ರೂ ರೆಸ್ಟು.

ಹುಬ್ಬಳ್ಳಿ_ಜವಾರಿ
ಅಲ್ರೀ, 150 ಪಿಎಸ್ ಗಾಡಿ ತಗೊಂಡು ಸಿಲ್ಕ್ ಬೋರ್ಡಿನ್ಯಾಗ ನಿಲ್ಲೂದಂದ್ರ ಓಡೋ ಕುದ್ರಿನ ಗಾಣಕ್ಕ ಕಟ್ಟಿದಂಗ ಆತು. ನಾ ಅದಕ್ಕ ಮ್ಯಾನ್ಯುಅಲ್ ತಗೊಂಡೀನಿ, ಎಡಗಾಲು ನೋವಾಗ್ತೈತಿ ಖರೆ, ಆದ್ರ ಕ್ಲಚ್ ಯಾವಾಗ ಬಿಡ್ಬೇಕು ಅನ್ನೂದು ನನ್ನ ಕೈಯಾಗ, ಅಲ್ಲ ಕಾಲಾಗ ಐತಿ. ದಿನಾ ಟ್ರಾಫಿಕ್ ಇದ್ದವ್ರು ಟಾರ್ಕ್ ಕನ್ವರ್ಟರ್ ನೋಡ್ರಿ. 2022ರಾಗ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಬಂದಾಗ 1.0ಕ್ಕ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಇತ್ತು, 1.5ಕ್ಕ 7 ಸ್ಪೀಡ್ ಡಿಎಸ್‌ಜಿ, ಅಂದ್ರ ಅವ್ರ ಡಿಸಿಟಿ. 2023ರ ವೆರ್ನಾ ಟರ್ಬೋಕ್ಕೂ 160 ಪಿಎಸ್, 7 ಸ್ಪೀಡ್ ಡಿಸಿಟಿನ. ಹೋಂಡಾ ಸಿಟಿಗೆ ಸಿವಿಟಿ (ಗೇರಿನ ಹಂತನ ಇಲ್ಲದ ಬೆಲ್ಟ್ ಆಟೋಮ್ಯಾಟಿಕ್), ಅದರಾಗ ಗೇರ್ ಬದಲಾಗೂ ಜರ್ಕನ ಇಲ್ಲ, ಮಜಾನೂ ಅಷ್ಟಕ್ಕಷ್ಟ. ಇರ್ಲಿ, ಮೈಲೇಜ್ ಎಷ್ಟ ಬರ್ತೈತ್ರಿ ನಿಮಗ?

ಓಆರ್‌ಆರ್_ಪಯಣಿಗ
ಊರಲ್ಲಿ 8-9, ಹೈವೇಲಿ 100 ದಾಟದೆ ಹೋದ್ರೆ 17. ಮುಂಚೆ ಇನ್ನೂ ಸ್ವಲ್ಪ ಬರ್ತಿತ್ತು, ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ್ಮೇಲೆ ಇಳಿದಿದೆ ಅನ್ಸುತ್ತೆ.

ಗೇರ್‌ಬಾಕ್ಸ್_ಗಿರಾಕಿ
ಎಥನಾಲಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ, ಹಾಗಾಗಿ ಬರೀ ಪೆಟ್ರೋಲಿಗೆ ಹೋಲಿಸಿದ್ರೆ ಇ20ಯಲ್ಲಿ 6-7 ಪರ್ಸೆಂಟ್ ಇಳಿಯೋದು ಲೆಕ್ಕದ ಪ್ರಕಾರನೇ ಸರಿ. ಅದಕ್ಕಿಂತ ಜಾಸ್ತಿ ಇಳಿದಿದ್ರೆ ಇ20 ಮೇಲೆ ಹಾಕ್ಬೇಡಿ, ಟೈರ್ ಗಾಳಿ ನೋಡಿ. ವಿಷಯಕ್ಕೆ ಬರೋಣ. ವಾರಂಟಿ ಮುಗಿಯೋ ಮುಂಚೆ ಈ ಕಂಪ್ಲೇಂಟ್ ಜಾಬ್ ಕಾರ್ಡಲ್ಲಿ ಬರೆಸಿ, ಬಾಯಿ ಮಾತಲ್ಲಿ 'ನಾರ್ಮಲ್' ಅಂದ್ರೆ ನಾಳೆ ಅದಕ್ಕೆ ಬೆಲೆ ಇಲ್ಲ. ಬೆಳಿಗ್ಗೆ ತಣ್ಣಗಿರೋ ಗಾಡಿ ಬಿಟ್ಟು ಬಂದ್ರೆ ಅವ್ರು ಖಾಲಿ ಸರ್ವಿಸ್ ರೋಡಲ್ಲಿ ಓಡ್ಸಿ ಏನಿಲ್ಲ ಅಂತಾರೆ. ಸಂಜೆ ಟ್ರಾಫಿಕ್‌ನಲ್ಲಿ ಓಡ್ಸಿ ಬಿಸಿ ಮಾಡ್ಕೊಂಡೇ ಹೋಗಿ, ಟೆಕ್ನಿಷಿಯನ್‌ನ ಪಕ್ಕಕ್ಕೆ ಕೂರಿಸಿ ಅದೇ ನಡುಕ ತೋರ್ಸಿ. ಕ್ಲಚ್ ಅಡಾಪ್ಟೇಷನ್ ಮಾಡೋಕೆ ಹೇಳಿ, ಪ್ಲೇಟ್ ಸವೆದಂಗೆ ಕಚ್ಚೋ ಜಾಗ ಬದ್ಲಾಗುತ್ತೆ, ಸ್ಕ್ಯಾನರ್ ಹಾಕಿ ಅದನ್ನ ಬಾಕ್ಸ್‌ಗೆ ಮತ್ತೆ ಕಲಿಸ್ಬೇಕು. ಕ್ಲಚ್ ಪ್ಯಾಕ್ ಮಾತು ಅದಾದ್ಮೇಲೆ.

ಓಆರ್‌ಆರ್_ಪಯಣಿಗ
ಅಪ್‌ಡೇಟ್. ಸಂಜೆ 7 ಗಂಟೆಗೆ ಬಿಸಿ ಬಿಸಿ ಗಾಡಿ ತಗೊಂಡು ಹೋದೆ, ಬಾಗ್ಲು ಹಾಕೋ ಟೈಮು, ಅಡ್ವೈಸರ್ ಮುಖ ಸೊಟ್ಟ ಮಾಡಿದ, ಆದ್ರೆ ಹಿರಿಯ ಟೆಕ್ನಿಷಿಯನ್ ಒಬ್ರು ಬಂದು ಕೂತ್ರು, ಗೇಟ್ ದಾಟಿ ಮೊದ್ಲನೇ ಜಾಮಲ್ಲೇ 'ಇದು ಸೆಕೆಂಡ್ ಗೇರ್ ಕ್ಲಚ್ಚು' ಅಂದ್ರು. ಅಡಾಪ್ಟೇಷನ್ ಮಾಡಿದ್ರು, ಸಾಫ್ಟ್‌ವೇರೂ ಹಳೇದಿತ್ತಂತೆ, ಅದನ್ನೂ ಹಾಕಿದ್ರು. ಈಗ ನಡುಕ ಮುಕ್ಕಾಲು ಪಾಲು ಹೋಗಿದೆ, ಫಸ್ಟಲ್ಲಿ ಇಟ್ಕೊಂಡು ಓಡ್ಸಿದ್ರೆ ಬರೋದೇ ಇಲ್ಲ. ಡಿಯಲ್ಲೇ ತೆವಳಿದ್ರೆ ಇನ್ನೂ ಸ್ವಲ್ಪ ಇದೆ. ಜಾಬ್ ಕಾರ್ಡಲ್ಲಿ 'ಕ್ಲಚ್ ಜಡ್ಡರ್' (ಕ್ಲಚ್ ನಡುಕ) ಅಂತ ಬರೆಸ್ಕೊಂಡೆ, ಫೋಟೋ ತೆಗ್ದು ಇಟ್ಟಿದೀನಿ, ಮತ್ತೆ ಜಾಸ್ತಿಯಾದ್ರೆ ಪ್ಯಾಕ್ ಕ್ಲೇಮ್ ಹಾಕ್ತೀನಿ.

ಮಲ್ನಾಡ್_ಮಾಣಿ
ನಾನೂ ಸೆಕೆಂಡ್ ಹ್ಯಾಂಡಲ್ಲಿ ಇಂಥದ್ದೇ ಒಂದು ನೋಡ್ತಾ ಇದೀನಿ, ಬೆಂಗಳೂರು ರಿಜಿಸ್ಟ್ರೇಷನ್ನು, ಒಬ್ರೇ ಓನರ್. ತಗೋಬಹುದಾ?

ಗೇರ್‌ಬಾಕ್ಸ್_ಗಿರಾಕಿ
ಮೀಟರ್ ನೋಡಿ ಮರುಳಾಗ್ಬೇಡಿ. ತೀರ್ಥಹಳ್ಳಿ ಶಿವಮೊಗ್ಗ ಓಡಾಡಿದ 60 ಸಾವಿರಕ್ಕಿಂತ ಬೆಂಗಳೂರು ಆಫೀಸ್ ರೂಟಲ್ಲಿ ಓಡಿದ 25 ಸಾವಿರ ಕ್ಲಚ್ಚಿಗೆ ಭಾರ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡ್ಸಿ ಬಿಸಿಯಾದ್ಮೇಲೆ ರ‍್ಯಾಂಪಲ್ಲಿ ರಿವರ್ಸ್ ಹತ್ತಿಸಿ. ಓನರ್ 'ಅಲ್ಲೆಲ್ಲ ಯಾಕೆ ಸರ್' ಅಂದ್ರೆ ಟೀ ಕುಡ್ದು ವಾಪಸ್ ಬನ್ನಿ.