ಹಳೇ ಮನೆ ಕಿಟಕಿಗೆ ರೋಲಿಂಗ್ ಶಟರ್ ಹಾಕ್ಸಬಹುದಾ? ಇರಚಲು ತಡಿಯಕ್ಕೆ ಆಗ್ತಿಲ್ಲ

ಹಂಡೆಒಲೆ:
ನಮಸ್ಕಾರ ಎಲ್ರಿಗೂ. ನಮ್ದು ತೀರ್ಥಹಳ್ಳಿ-ಆಗುಂಬೆ ಮಧ್ಯೆ ಒಂದು ತೊಟ್ಟಿ ಮನೆ, ಅಜ್ಜನ ಅಪ್ಪ ಕಟ್ಸಿದ್ದು, ಜಂಬಿಟ್ಟಿಗೆ ಗೋಡೆ ಮಣ್ಣಿನ ಗಾರೆ, ಮೇಲೆ ಮಂಗಳೂರು ಹೆಂಚು. ಪಡುವಣ ಬದಿಗೆ ಐದು ಕಿಟಕಿ, ಹಲಸಿನ ಚೌಕಟ್ಟು, ಆರಿದ್ರೆ ಮಳೆ ಶುರುವಾದ್ರೆ ಸಾಕು ಗಾಳಿ ಜೊತೆ ಇರಚಲು ಸೀದಾ ಒಳಗೆ, ಕದ ಹಾಕಿದ್ರೂ ಸಂದಿಲಿ ನೀರು ಬಂದು ಮಂಚದವರೆಗೆ ಹರಿಯತ್ತೆ. ಅಪ್ಪ ಇದ್ದಾಗ ಪ್ರತಿ ವರ್ಷ ಸೋಗೆ ತಟ್ಟಿ ಕಟ್ಸ್ತಿದ್ರು, ಈಗ ಕಟ್ಟೋ ಆಳೂ ಇಲ್ಲ ನಂಗೆ ಟೈಮೂ ಇಲ್ಲ. ಶಿವಮೊಗ್ಗದ ಒಬ್ರು ಬಂದು ನೋಡಿ ಅಮೇರಿಕದಲ್ಲಿ ಚಂಡಮಾರುತಕ್ಕೆ ಹಾಕ್ತಾರಲ್ಲ ಅದೇ ಥರ ಮೋಟರ್ ಇರೋ ಅಲ್ಯೂಮಿನಿಯಂ ರೋಲಿಂಗ್ ಶಟರ್ ಹಾಕ್ಸಿ ಅಂದ್ರು, ಐದು ಕಿಟಕಿಗೆ ಹೇಳಿದ ರೇಟ್ ಕೇಳಿ ಅಮ್ಮ ಅಡಿಗೆಮನೆಗೆ ಎದ್ದು ಹೋದ್ರು. ಯಾರಾದ್ರೂ ಹಾಕ್ಸಿದೀರಾ? ಗೋಡೆ ತಡಿಯತ್ತಾ? ಮನೆ ಅಂದ ಕೆಡತ್ತೆ ಅಂತ ತಂಗಿ ಬೇರೆ ಗಲಾಟೆ.

ಕಂಬಳಿಕೊಪ್ಪೆ:
ಎಂತಕ್ಕೆ ಮಾರಾಯ್ರೆ ಅಂಗಡಿ ಶಟರ್ ಎಲ್ಲ. ದಬ್ಬೆ ಚೌಕಟ್ಟು ಮಾಡಿ ಸೋಗೆ ಬದಲು ಗಟ್ಟಿ ಟಾರ್ಪಾಲ್ ಕಟ್ಟಿ, ದೀಪಾವಳಿಗೆ ಬಿಚ್ಚಿ ಅಟ್ಟಕ್ಕೆ ಹಾಕಿ. ನಮ್ಮಲ್ಲಿ ಹಂಗೇ. ಸ್ವಲ್ಪ ಕತ್ತಲೆ ಆಗತ್ತೆ ಅಷ್ಟೆ.

ಸಾಗರದಾಚೆ:
ನಾನು ಸಾಗರದವನು, ಈಗ ಫ್ಲೋರಿಡಾದಲ್ಲಿ ಟ್ಯಾಂಪಾ ಹತ್ರ ಇದೀನಿ, 2022ರಲ್ಲಿ ಇಯಾನ್ 2024ರಲ್ಲಿ ಮಿಲ್ಟನ್ ಎರಡು ಚಂಡಮಾರುತಕ್ಕೂ ಶಟರ್ ಹಾಕಿ ಕೂತವನು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೈಬೇಡಿ. ಇಲ್ಲಿನ ಶಟರ್ ಮಳೆ ತಡಿಯಕ್ಕೆ ಮಾಡಿದ್ದೇ ಅಲ್ಲ, ಹಾರಿ ಬರೋ ಮರದ ತುಂಡು, ಹೆಂಚು, ಪಕ್ಕದ ಮನೆಯವರ ಕುರ್ಚಿ ತಡಿಯಕ್ಕೆ. ಒಂದು ಕಿಟಕಿ ಒಡೆದು ಗಾಳಿ ಒಳಗೆ ನುಗ್ತು ಅಂದ್ರೆ ಒಳಗಿಂದ ಮಾಡನ್ನ ನೂಕತ್ತೆ, ಹೊರಗಿನ ಗಾಳಿ ಅದೇ ಹೊತ್ತಿಗೆ ಮೇಲಕ್ಕೆ ಎಳಿಯತ್ತೆ, ಮಾಡು ಹಾರೋದು ಹಂಗೆ. 1992ರಲ್ಲಿ ಆಂಡ್ರೂ ಚಂಡಮಾರುತ ಬಂದು ಮಯಾಮಿ ದಕ್ಷಿಣಕ್ಕೆ ಮನೆಗಳನ್ನ ಗುಡಿಸಿ ಹಾಕಿದ ಮೇಲೆ ಕಾನೂನು ಬಿಗಿ ಮಾಡಿದ್ರು. ಈಗ ಶಟರಿನ ಟೆಸ್ಟಲ್ಲಿ ಸುಮಾರು 4 ಕೆಜಿ ರೀಪನ್ನ ಗಾಳಿ ತೋಪಿಂದ ಗಂಟೆಗೆ 55 ಕಿಮೀ ವೇಗದಲ್ಲಿ ಹೊಡೀತಾರೆ, ಆಮೇಲೆ ಅದೇ ಶಟರನ್ನ 9000 ಸಲ ಒತ್ತಿ ಎಳೆದು ನೋಡ್ತಾರೆ. ಇಯಾನ್ ದಡ ಮುಟ್ಟಿದಾಗ ಗಾಳಿ ಗಂಟೆಗೆ 240 ಕಿಮೀ. ನಿಮ್ಮ ತೋಟದ ಮಧ್ಯದ ಮನೆಗೆ ಅದು ಬೇಕಾ ಹೇಳಿ.

ಇನ್ನೊಂದು, ಮೋಟರ್ ಶಟರ್ ಕರೆಂಟ್ ಹೋದ್ರೆ ಅಲ್ಲೇ ನಿಲ್ಲತ್ತೆ, ಕೈಯಲ್ಲಿ ತಿರುಗ್ಸೋ ಹಿಡಿ ಇಲ್ಲದ್ದು ಇಲ್ಲಿ ಯಾರೂ ಹಾಕ್ಸಲ್ಲ. ಪುನರ್ವಸು ಮಳೆಲಿ ಆಗುಂಬೆ ಕಡೆ ಎಷ್ಟು ದಿನ ಕರೆಂಟ್ ಇರತ್ತೆ ನಿಮಗೇ ಗೊತ್ತು. ಮಲಗೋ ಕೋಣೆಯ ಒಂದು ಕಿಟಕಿಯಾದ್ರೂ ಒಳಗಿಂದ ತೆಗಿಯಕ್ಕೆ ಬರಬೇಕು, ಬೆಂಕಿ ಗಿಂಕಿ ಆದ್ರೆ ಕಷ್ಟ.

ಹಳೇ ಮನೆ ವಿಷ್ಯಕ್ಕೆ ಬಂದ್ರೆ ಅಮೇರಿಕದ ಸೌತ್ ಕ್ಯಾರೊಲಿನಾದಲ್ಲಿ ಚಾರ್ಲ್ಸ್‌ಟನ್ ಅಂತ ಊರಿದೆ, 1931ರಲ್ಲೇ ಹಳೇ ಮನೆಗಳಿಗೆ ಕಾನೂನು ಮಾಡಿದ ಊರು, ಅಲ್ಲಿ ಮನೆ ಮುಖ ಬದಲಾಯ್ಸ್ಬೇಕಂದ್ರೆ ಸಮಿತಿ ಒಪ್ಬೇಕು. ರೋಲಿಂಗ್ ಶಟರಿನ ಮೇಲಿನ ಡಬ್ಬ, ಬದಿಯ ಹಳಿ ಕಾಣೋ ಹಾಗೆ ಇದ್ರೆ ಇಂಥ ಊರುಗಳಲ್ಲಿ ಒಪ್ಪಿಗೆ ಸಿಗೋದು ಕಷ್ಟ, ಅದಕ್ಕೆ ಜನ ನಿಜವಾಗ್ಲೂ ಮುಚ್ಚಕ್ಕೆ ಬರೋ ಮರದ ಕದ ಹಾಕ್ಸ್ತಾರೆ, ಇಲ್ಲ ಗಾಳಿ ಬರೋ ಮುಂಚೆ ಜೋಡ್ಸಿ ಆಮೇಲೆ ಬಿಚ್ಚಿಡೋ ಅಲ್ಯೂಮಿನಿಯಂ ತಗಡು. ನಿಮ್ಮ ತಂಗಿ ಹೇಳಿದ್ದು ಸರಿನೇ.

ನಿಮಗೆ ಹೊಂದೋದು ಅಂದ್ರೆ ಇಲ್ಲಿ ಬಹಾಮಾ ಶಟರ್ ಅಂತಾರಲ್ಲ ಅದು. ಹೆಸರಿಗೆ ಹೆದರಬೇಡಿ, ನಮ್ಮ ಗೂಡಂಗಡಿ ಬಾಗಿಲೇ ಅದು, ಬಿಜಾಗರಿ ಮೇಲೆ, ಕೆಳಗಿಂದ ಎತ್ತಿ ಕೋಲು ಕೊಡೋದು. ಓರೆಯಾಗಿ ನಿಂತಿದ್ರೆ ಇರಚಲು ಅದರ ಬೆನ್ನಿಗೆ ಬಡಿದು ಜಾರತ್ತೆ, ಕೆಳಗಿಂದ ಗಾಳಿ ಬೆಳಕು ಬರ್ತಾ ಇರತ್ತೆ. ಗಾಳಿ ಜಾಸ್ತಿ ಆಯ್ತಾ, ಕೋಲು ತೆಗೆದು ಒಳಗಿಂದ ಅಗುಳಿ ಹಾಕಿ. ಪೂರಾ ಬಿಗಿಯಾಗಿ ಮುಚ್ಚೋ ಶಟರ್ ನಾಲ್ಕು ತಿಂಗಳು ಹಾಕಿಟ್ರೆ ಒಳಗೆ ತೇವ ನಿಂತು ಬಟ್ಟೆ ಪುಸ್ತಕ ಎಲ್ಲ ಬೂಷ್ಟು, ಚೌಕಟ್ಟಿಗೆ ಒರಲೆ. ಇಲ್ಲಿ ಚಂಡಮಾರುತ ಬಂದು ಹೋಗೋದು ಒಂದು ದಿನದಲ್ಲಿ, ಮರುದಿನ ಬಿಸಿಲು. ಅಲ್ಲಿ ಹಂಗಲ್ವಲ್ಲ.

ಉಳಿಬಾಚಿ:
ಮೇಲಿನವ್ರು ಹೇಳಿದ್ದು ಕರೆಕ್ಟು. ನಾನು ಹೊಸನಗರ ಕಡೆ ಮರಗೆಲಸ ಮಾಡೋನು, ಇಂಥದ್ದು ಮೂರು ಮನೆಗೆ ಮಾಡಿದೀನಿ, ಇಂಗ್ಲೀಷ್ ಹೆಸರು ಇವತ್ತೇ ಗೊತ್ತಾಗಿದ್ದು. ಗೋಡೆ ವಿಷ್ಯ ಹೇಳ್ತೀನಿ. ಮಣ್ಣಿನ ಗಾರೆ ಸಂದಿಗೆ ಮೊಳೆ ಬೋಲ್ಟ್ ಯಾವುದೂ ನಿಲ್ಲಲ್ಲ, ಕಲ್ಲಿಗೇ ತೂತು ಹಾಕ್ಬೇಕು, ಅದೂ ಅಂಚಿಗೆ ಅಲ್ಲ ನಡು ಕಲ್ಲಿಗೆ, ಮಿಷಿನ್ನಲ್ಲಿ ಸುತ್ತಿಗೆ ಬಡಿತ ಆಫ್ ಮಾಡಿ ಬರೀ ತಿರುಗ್ಸಿ, ಇಲ್ದಿದ್ರೆ ಜಂಬಿಟ್ಟಿಗೆ ಪುಡಿ ಪುಡಿ ಉದುರತ್ತೆ. ಹಿಗ್ಗೋ ಥರದ ಆ್ಯಂಕರ್ ಬೇಡ, ಕಲ್ಲು ಸೀಳತ್ತೆ. ಗಟ್ಟಿ ಮತ್ತಿ ಪಟ್ಟಿ ಒಂದನ್ನ ಕಿಟಕಿ ಮೇಲೆ ಅಡ್ಡ ಕೂರ್ಸಿ ನಾಲ್ಕೈದು ಕಲ್ಲಿಗೆ ಹಂಚಿ ಬಿಗಿದು, ಬಿಜಾಗರಿನ ಆ ಪಟ್ಟಿಗೆ ಹಾಕಿ. ನಾಳೆ ಬೇಡ ಅಂದ್ರೆ ಪಟ್ಟಿ ತೆಗೆದ್ರಾಯ್ತು, ಹಳೇ ಚೌಕಟ್ಟಿಗೆ ಒಂದು ಗಾಯ ಇಲ್ಲ. ಪಟ್ಟಿ ಮೇಲೆ ಸಣ್ಣ ತಗಡು ಮಡಿಚಿ ಕೂರ್ಸಿ, ಮರ್ತ್ರೆ ನೀರು ಪಟ್ಟಿ ಹಿಂದೆ ಇಳಿದು ಗೋಡೆಗೇ ಹೋಗತ್ತೆ, ಒಂದು ಮನೇಲಿ ನಾನೇ ಮರ್ತು ಮತ್ತೆ ಹೋಗಿ ಬೈಸ್ಕೊಂಡು ಮಾಡಿ ಬಂದೆ. ಕದದ ಕೆಳ ಅಂಚಿಗೆ ಅಡಿಯಿಂದ ಉದ್ದಕ್ಕೆ ಒಂದು ಗಾಡಿ, ಅಂದ್ರೆ ಸಣ್ಣ ಕಾಲುವೆ ಥರ ಗೀರು, ಹೊಡೀರಿ, ನೀರು ಅಲ್ಲೇ ತೊಟ್ಟಿಕ್ಕತ್ತೆ. ಮರಕ್ಕೆ ಗೇರೆಣ್ಣೆ, ಬಿಜಾಗರಿ ಹಿತ್ತಾಳೆ. ಬೇಸಿಗೇಲೇ ಮಾಡಿ, ಮೇ ಕೊನೇಲಿ ಫೋನ್ ಮಾಡಿದ್ರೆ ಯಾರೂ ಬರಲ್ಲ.

ನೆಲ್ಲಿಚಟ್ಟು:
ಮಧ್ಯೆ ಬರ್ತಿದೀನಿ. ನಮ್ಮ ಮಾವನ ಮನೆ ಮುರ್ಡೇಶ್ವರದ ಹತ್ರ, ಕಡಲಿಗೆ ಕೂಗಳತೆ. 2021ರ ಮೇನಲ್ಲಿ ತೌಕ್ತೆ ಬಂದಾಗ ತೆಂಗಿನ ಹೆಡೆ ಹಾರಿ ಬಂದು ಗಾಜು ಹೋಯ್ತು. ಅಲ್ಲಿಗೂ ಗೂಡಂಗಡಿ ಬಾಗಿಲೇ ಸಾಕಾ?

ಸಾಗರದಾಚೆ:
ಅಲ್ಲಿ ಲೆಕ್ಕ ಬೇರೆ. ಕಟ್ಟಡ ಎಷ್ಟು ಗಾಳಿ ತಡೀಬೇಕು ಅಂತ ಹೇಳೋ ನಮ್ಮ ದೇಶದ ಮಾನದಂಡ ಐಎಸ್ 875ರಲ್ಲಿ ಮಂಗಳೂರಿಗೆ ಕೊಟ್ಟಿರೋ ಗಾಳಿ ಸೆಕೆಂಡಿಗೆ 39 ಮೀಟರ್, ಗಂಟೆಗೆ 140 ಕಿಮೀ ಆಯ್ತು. ಅಷ್ಟು ಗಾಳಿಲಿ ಕೋಲು ಕೊಟ್ಟು ನಿಲ್ಸಿದ್ರೆ ಕದ ಕಿತ್ತು ಅದೇ ಹಾರತ್ತೆ. ಗಾಳಿ ಸೂಚನೆ ಬಂದ ಕೂಡ್ಲೆ ಇಳಿಸಿ ನಾಲ್ಕೂ ಕಡೆ ಬೋಲ್ಟ್ ಹಾಕಕ್ಕೆ ಬರಬೇಕು, ಇಲ್ಲ ಅಕಾರ್ಡಿಯನ್ ಥರದ್ದು, ನಮ್ಮ ಕೊಲಾಪ್ಸಿಬಲ್ ಗೇಟ್ ಹಾಗೆ ಬದಿಗೆ ಮಡಿಚೋದು. ಉಪ್ಪು ಗಾಳಿಗೆ ಅಲ್ಯೂಮಿನಿಯಂ ಶಟರಿಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದ್ರೆ ಎರಡೂ ಸೇರಿದ ಜಾಗದಲ್ಲೇ ತಿಂದು ಹೋಗತ್ತೆ, 316 ಸ್ಟೇನ್‌ಲೆಸ್ ಸ್ಟೀಲ್ ಅಂತ ಕೇಳಿ ತಗೊಳ್ಳಿ, ಹಳಿಗೆ ಆಗಾಗ ಸಿಹಿನೀರು ಹೊಯ್ದು ತೊಳೀರಿ.

ಹಂಡೆಒಲೆ:
ತುಂಬಾ ಉಪಕಾರ ಆಯ್ತು. ಶಟರಿನವ್ರಿಗೆ ಬೇಡ ಅಂದೆ. ಅಟ್ಟದಲ್ಲಿ ಅಪ್ಪ ಇಟ್ಟಿದ್ದ ನಾಲ್ಕು ಮತ್ತಿ ಹಲಗೆ ಇದೆ, ಒಂದಕ್ಕೆ ಮಾತ್ರ ಒರಲೆ ಹತ್ತಿದೆ. ಮೊದ್ಲು ತುದಿ ಕೋಣೆ ಕಿಟಕಿ ಒಂದಕ್ಕೆ ಮಾಡಿ ಈ ಮಳೆಗಾಲ ನೋಡ್ತೀನಿ. ಉಳಿಬಾಚಿಯವ್ರೆ, ಶಿವರಾತ್ರಿ ಕಳೆದ ಮೇಲೆ ಈ ಕಡೆ ಬರಕ್ಕಾಗತ್ತಾ? ಊಟ ನಮ್ಮನೇಲೇ.

ಉಳಿಬಾಚಿ:
ಬರ್ತೀನಿ. ಹಲಗೆ ಈಗ್ಲೇ ಇಳಿಸಿ ನೆರಳಲ್ಲಿ ಆರಕ್ಕೆ ಇಡಿ, ಒರಲೆ ಹತ್ತಿದ್ದನ್ನ ಬೇರೆ ಇಡಿ.