ಮಾರಿಷಸ್ ಮೇಲೆ ಬಂದಿದ್ದು ಅದೃಷ್ಟದಿಂದಲಾ, ಬುದ್ಧಿಯಿಂದಲಾ?

ಆಲೆಮನೆ:
ಹೋದ ತಿಂಗಳು ಅಕ್ಕ ಭಾವ ಮಾರಿಷಸ್‌ಗೆ ಹೋಗಿ ಬಂದರು. ರಾಶಿ ಫೋಟೋ ತೋರಿಸಿದರು. ಸಮುದ್ರ ಗಿಮುದ್ರ ಬಿಡಿ, ನನ್ನ ಕಣ್ಣು ಹೋಗಿದ್ದು ರಸ್ತೆಯ ಎರಡೂ ಕಡೆ ಇದ್ದ ಕಬ್ಬಿನ ಗದ್ದೆ ಮೇಲೆ. ನಮ್ಮದು ಮಂಡ್ಯ ಕಡೆ, ಮನೆಯಲ್ಲಿ ಕಬ್ಬೇ ಬೆಳೆ. ಕಬ್ಬು ನಂಬಿ ಸಾಹುಕಾರ ಆದವನನ್ನು ನಾನಂತೂ ನೋಡಿಲ್ಲ. ಹಾಗಿರುವಾಗ ಕಬ್ಬು ಬಿಟ್ಟರೆ ಬೇರೇನೂ ಇಲ್ಲದ ಒಂದು ದ್ವೀಪ ಹೇಗೆ ಇಷ್ಟು ಚೆನ್ನಾಗಿದೆ ಅಂತ ಸುಮ್ನೆ ಓದೋಕೆ ಕೂತೆ.

ಗೊತ್ತಾಗಿದ್ದು ಇಷ್ಟು. 1968ರ ಮಾರ್ಚ್ 12ಕ್ಕೆ ಸ್ವಾತಂತ್ರ್ಯ. ಆಗ ಜನ ಸುಮಾರು 8 ಲಕ್ಷ. ದೇಶದ ವಿಸ್ತೀರ್ಣ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಕಡಿಮೆ. ರಫ್ತಿನಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಸಕ್ಕರೆ ಒಂದೇ. ಜೇಮ್ಸ್ ಮೀಡ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞ (ಆಮೇಲೆ 1977ರಲ್ಲಿ ನೊಬೆಲ್ ಬಂತಂತೆ) 1961ರಲ್ಲೇ ಈ ದೇಶದ ಕಥೆ ಕಷ್ಟ ಅಂತ ಬರೆದುಬಿಟ್ಟಿದ್ದ. ಆದರೆ 2020ರಲ್ಲಿ ವಿಶ್ವಬ್ಯಾಂಕು ಇದನ್ನು ಶ್ರೀಮಂತ ದೇಶಗಳ ಪಟ್ಟಿಗೇ ಸೇರಿಸಿತು, ಕೋವಿಡ್ ಬಂದು ಮರುವರ್ಷ ಕೆಳಗೆ ಇಳಿಯಿತು ಅನ್ನೋದು ಬೇರೆ ಮಾತು.

ನಡುವೆ ಏನಾಯಿತು? ವಾಟ್ಸಾಪ್‌ನಲ್ಲಿ ಬರುವ ಉತ್ತರ ನನಗೆ ಗೊತ್ತು, "ಅಲ್ಲಿರೋರು ನಮ್ಮವರು, ಕಷ್ಟಜೀವಿಗಳು". ಅದನ್ನು ಬಿಟ್ಟು ಬೇರೆ ಹೇಳಿ. ಅರ್ಥಶಾಸ್ತ್ರದ ದೊಡ್ಡ ದೊಡ್ಡ ಪದ ಬೇಡ, ಪ್ಲೀಸ್.

ಹಳೇ ಮೇಷ್ಟ್ರು:
ಮೀಡ್ ದಡ್ಡ ಅಲ್ಲ, ಮೊದಲು ಅದನ್ನು ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧ ಆದ ಮೇಲೆ ಡಿಡಿಟಿ ಹೊಡೆದು ಮಲೇರಿಯಾ ಓಡಿಸಿದರು, ಸಾವು ಕಡಿಮೆ ಆಯಿತು, ಹುಟ್ಟು ಹಾಗೇ ಇತ್ತು. ಜನಸಂಖ್ಯೆ ವರ್ಷಕ್ಕೆ ನೂರಕ್ಕೆ 3ರಂತೆ ಏರುತ್ತಿತ್ತು. ಕಬ್ಬಿಗೆ ಹೊಸ ಜಮೀನು ಉಳಿದಿರಲಿಲ್ಲ. 1960ರಲ್ಲಿ ಕ್ಯಾರೊಲ್ ಚಂಡಮಾರುತ ಬಂದು ಬೆಳೆಯನ್ನೂ ಮನೆಗಳನ್ನೂ ಹೊಡೆದುಕೊಂಡು ಹೋಗಿತ್ತು. ಇದನ್ನೆಲ್ಲ ಕಣ್ಣಾರೆ ನೋಡಿದ ಯಾರೇ ಆಗಲಿ ಅದೇ ಬರೆಯುತ್ತಿದ್ದರು. ಜೊತೆಗೆ ಜನ ಒಗ್ಗಟ್ಟಾಗಿಯೂ ಇರಲಿಲ್ಲ. 1967ರ ಚುನಾವಣೆಯಲ್ಲಿ ನೂರಕ್ಕೆ 44 ಮಂದಿ ಸ್ವಾತಂತ್ರ್ಯ ಬೇಡ ಅನ್ನುವ ಪಕ್ಷಕ್ಕೆ ಓಟು ಹಾಕಿದ್ದರು. ಬಾವುಟ ಹಾರಿಸೋಕೆ ಎರಡು ತಿಂಗಳಿದೆ ಅನ್ನುವಾಗ ರಾಜಧಾನಿ ಪೋರ್ಟ್ ಲೂಯಿಯಲ್ಲಿ ಕ್ರಿಯೋಲರಿಗೂ (ಗುಲಾಮರಾಗಿ ಬಂದ ಆಫ್ರಿಕನ್ನರ ಪೀಳಿಗೆಯವರು) ಮುಸ್ಲಿಮರಿಗೂ ಗಲಭೆ ಎದ್ದು ಬ್ರಿಟಿಷ್ ಸೈನ್ಯ ಬರಬೇಕಾಯಿತು.

ನನ್ನ ಪ್ರಕಾರ ವಿಷಯದ ಗುಟ್ಟು ಇರೋದು ಒಂದು ರಾಜಿಯಲ್ಲಿ. ಎಸ್ಟೇಟು, ಸಕ್ಕರೆ ಕಾರ್ಖಾನೆ ಎಲ್ಲ ಫ್ರೆಂಚ್ ಮೂಲದ ಬೆರಳೆಣಿಕೆಯ ಕುಟುಂಬಗಳ ಕೈಲಿ. ಓಟು ಮಾತ್ರ ಗಿರಮಿಟ್ ಕೂಲಿಗಳಾಗಿ, ಅಂದರೆ ಕರಾರಿನ ಮೇಲೆ ಭಾರತದಿಂದ ಕೂಲಿಗೆ ಬಂದವರ ಮೊಮ್ಮಕ್ಕಳ ಕೈಲಿ. ಜಮೀನು ಅವರದು, ಓಟು ಇವರದು. ಇಂಥ ಕಡೆ ಎಷ್ಟೋ ಹೊಸ ದೇಶಗಳು ಏನು ಮಾಡಿದವು? ಎಸ್ಟೇಟ್‌ಗಳನ್ನು ಸರ್ಕಾರಕ್ಕೆ ತೆಗೆದುಕೊಂಡವು. ಪ್ರಧಾನಿ ಶಿವಸಾಗರ್ ರಾಮಗೂಲಾಂ ಹಾಗೆ ಮಾಡಲಿಲ್ಲ. ಹಸುವನ್ನು ಕಡಿಯಲಿಲ್ಲ, ಹಾಲು ಕರೆದರು. ಸಕ್ಕರೆ ರಫ್ತಿನ ಮೇಲೆ ತೆರಿಗೆ ಹಾಕಿದರು. ಎಸ್ಟೇಟು ದೊಡ್ಡದಾದಷ್ಟೂ ತೆರಿಗೆ ದರ ಜಾಸ್ತಿ. ಆ ದುಡ್ಡು ಅಕ್ಕಿ ಹಿಟ್ಟಿನ ಸಬ್ಸಿಡಿಗೆ, ಆಸ್ಪತ್ರೆಗೆ, ಶಾಲೆಗೆ ಹೋಯಿತು. ಹೈಸ್ಕೂಲು ಫೀಸು 1977ರಲ್ಲಿ ಪೂರ್ತಿ ರದ್ದಾಯಿತು. ಮನೆಗೆ ಸರಾಸರಿ 6 ಮಕ್ಕಳಿದ್ದದ್ದು ಎಪ್ಪತ್ತರ ದಶಕದ ಮಧ್ಯಕ್ಕೆ 3ರ ಹತ್ತಿರ ಬಂತು, ಅದೂ ಯಾರಿಗೂ ಬಲವಂತ ಮಾಡದೆ. ಮೀಡ್ ಲೆಕ್ಕ ತಪ್ಪಿದ್ದು ಮೊದಲು ಇಲ್ಲಿ.

ಅದೃಷ್ಟ ಇರಲಿಲ್ಲ ಅಂತ ನಾನು ಹೇಳಲ್ಲ. 1974ರ ಹೊತ್ತಿಗೆ ಸಕ್ಕರೆ ಬೆಲೆ ಜಗತ್ತಿನಲ್ಲೆಲ್ಲ ಆಕಾಶಕ್ಕೆ ಹೋಯಿತು. ಮರುವರ್ಷ ಯುರೋಪಿನವರ ಜೊತೆ ಒಪ್ಪಂದ ಆಗಿ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಸಕ್ಕರೆ ನಿಗದಿ ಬೆಲೆಗೆ ಮಾರುವ ಹಕ್ಕು ಸಿಕ್ಕಿತು. ಆ ಒಪ್ಪಂದದಲ್ಲಿದ್ದ ದೇಶಗಳಲ್ಲೆಲ್ಲ ಇವರದೇ ದೊಡ್ಡ ಪಾಲು. ಪೇಟೆ ಬೆಲೆ ಬಿದ್ದ ಎಷ್ಟೋ ವರ್ಷ ಇವರಿಗೆ ಅದರ ಎರಡರಷ್ಟು, ಮೂರರಷ್ಟು ಸಿಕ್ಕಿದ್ದುಂಟು.

ದಾರಸೂಜಿ:
ಮೇಷ್ಟ್ರು ಬಟ್ಟೆ ವಿಷಯಕ್ಕೆ ಬರೋ ಮೊದಲು ನಾನು ಬಾಯಿ ಹಾಕ್ತೀನಿ, ಏಕೆಂದರೆ ನಾನು ಪೀಣ್ಯದಲ್ಲಿ 20 ವರ್ಷ ಗಾರ್ಮೆಂಟ್ಸ್‌ನಲ್ಲೇ ಸವೆಸಿದವನು. ನಮ್ಮ ಲೈನಿನಲ್ಲಿ ಹಳಬರಿಗೆಲ್ಲ "ಕೋಟಾ" ಅನ್ನೋ ಪದ ಚೆನ್ನಾಗಿ ಗೊತ್ತು. 1974ರಿಂದ ಒಂದು ಅಂತರರಾಷ್ಟ್ರೀಯ ಒಪ್ಪಂದ ಇತ್ತು, ಯಾವ ದೇಶ ಅಮೆರಿಕ ಯುರೋಪಿಗೆ ಎಷ್ಟು ಅಂಗಿ, ಎಷ್ಟು ಸ್ವೆಟರ್ ಕಳಿಸಬಹುದು ಅಂತ ಮಿತಿ. ಹಾಂಗ್‌ಕಾಂಗ್‌ನವರ ಕೋಟಾ ತುಂಬಿ ಹೋಗಿತ್ತು. ಮಷಿನ್ ಇದೆ, ಬೈಯರ್ ಇದ್ದಾನೆ, ಕಳಿಸೋಕೆ ಅನುಮತಿ ಇಲ್ಲ. ಆಗ ಅವರು ಕೋಟಾ ಖಾಲಿ ಇರುವ ಜಾಗ ಹುಡುಕಿದರು. ಮಾರಿಷಸ್‌ನಲ್ಲಿ ಕೋಟಾ ಖಾಲಿ, ಯುರೋಪಿಗೆ ಸುಂಕವೂ ಇಲ್ಲ, ಅಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ವ್ಯಾಪಾರಿಗಳೂ ಇದ್ದರು.

ಮಾರಿಷಸ್‌ನವರು ಇದಕ್ಕೆ ತಯಾರಾಗಿ ಕೂತಿದ್ದರು ಅನ್ನೋದೇ ನನಗೆ ಇಷ್ಟವಾದ ಸಂಗತಿ. ಲಿಮ್ ಫಾಟ್ ಅನ್ನುವ ಅಲ್ಲಿಯದೇ ಪ್ರೊಫೆಸರು ತೈವಾನ್ ಕಡೆ ನೋಡಿ ಬಂದು ರಫ್ತು ವಲಯ ಮಾಡಿ ಅಂತ ಸರ್ಕಾರದ ಬೆನ್ನು ಹತ್ತಿದ್ದರು. 1970ರಲ್ಲೇ ಕಾನೂನು ಬಂತು. ಬೇರೆ ದೇಶಗಳಲ್ಲಿ ರಫ್ತು ವಲಯ ಅಂದರೆ ಬೇಲಿ ಹಾಕಿದ ಒಂದು ಜಾಗ. ಇಲ್ಲಿ ಬೇಲಿ ಇಲ್ಲ, ದ್ವೀಪದ ಯಾವ ಊರಲ್ಲಿ ಬೇಕಾದರೂ ಫ್ಯಾಕ್ಟರಿ ಹಾಕಿ, ರಫ್ತು ಮಾಡಿದರೆ ಸಾಕು, ತೆರಿಗೆ ರಜೆ. ಹೀಗಾಗಿ ಕೆಲಸ ಹಳ್ಳಿಗಳಿಗೇ ಹೋಯಿತು. ಒಂದೂ ಹೇಳಿಕೊಳ್ಳುವಂಥ ಕುರಿ ಮಂದೆ ಇಲ್ಲದ ದೇಶ ಉಣ್ಣೆ ಸ್ವೆಟರ್ ರಫ್ತಿನಲ್ಲಿ ಜಗತ್ತಿನ ಮುಂದಿನ ಸಾಲಿಗೆ ಬಂತು ನೋಡಿ! 1985ರಲ್ಲಿ ರಫ್ತು ವಲಯದ ಗಳಿಕೆ ಸಕ್ಕರೆಯನ್ನು ಹಿಂದೆ ಹಾಕಿತು. 1990ರ ಹೊತ್ತಿಗೆ ಹೆಚ್ಚುಕಡಿಮೆ 90 ಸಾವಿರ ಕೆಲಸ.

ಆದರೆ ಹೊಲಿದಿದ್ದು ಯಾರು? ಹೆಂಗಸರು, ಸ್ವಾಮಿ. ಮೂರರಲ್ಲಿ ಎರಡು ಪಾಲು ಹೆಂಗಸರೇ. ಮೊದಲ ವರ್ಷಗಳಲ್ಲಿ ಅವರ ಕನಿಷ್ಠ ಕೂಲಿ ಗಂಡಸರಿಗಿಂತ ಕಡಿಮೆ ಅಂತ ನಿಯಮದಲ್ಲೇ ಬರೆದಿತ್ತು. ಓವರ್‌ಟೈಮ್ ಬೇಡ ಅನ್ನೋಕಾಗಲ್ಲ, ಕೆಲಸದಿಂದ ತೆಗೆಯೋದು ಸುಲಭ. ಪವಾಡ ಪವಾಡ ಅಂತ ಬರೆಯೋರು ಟಾರ್ಗೆಟ್ ಮುಟ್ಟಿಸೋಕೆ ನಿಂತ ಕಾಲಲ್ಲಿ ನಿಂತವರ ವಿಷಯ ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ. ನಮ್ಮೂರಲ್ಲೂ ಅದೇ ಕಥೆ ಅಲ್ವಾ.

ಕಡಲ್ಕರೆ:
ಎಲ್ಲ ಸರಿ ಮಾರಾಯ್ರೆ, ಆದರೆ ನನಗೆ ಇದು ಮುಕ್ಕಾಲು ಪಾಲು ಅದೃಷ್ಟ ಅಂತಲೇ ಕಾಣುತ್ತದೆ. ಸಕ್ಕರೆಗೆ ಯುರೋಪಿನ ಬೆಲೆ, ಬಟ್ಟೆಗೆ ಹಾಂಗ್‌ಕಾಂಗ್‌ನವರ ಕೋಟಾ ತೊಂದರೆ. ಎರಡೂ ಬೇರೆಯವರು ಬರೆದ ನಿಯಮ. ಅವರು ಮಾಡಿದ್ದು ಏನು, ಬಟ್ಟಲು ಹಿಡಿದದ್ದು.

ಹಳೇ ಮೇಷ್ಟ್ರು:
ಕಡಲ್ಕರೆಯವರೇ, ಬಟ್ಟಲು ಹಿಡಿಯೋದೂ ಎಲ್ಲರಿಗೂ ಬರಲ್ಲ. ಅದೇ 1968ರ ಜನವರಿ 31ಕ್ಕೆ ಸ್ವತಂತ್ರವಾದ ಇನ್ನೊಂದು ದ್ವೀಪ ಇದೆ, ಪೆಸಿಫಿಕ್‌ನ ನೌರು. 21 ಚದರ ಕಿಲೋಮೀಟರು. ನೆಲದ ಬಹುಪಾಲು ರಂಜಕದ ಕಲ್ಲು, ಗೊಬ್ಬರಕ್ಕೆ ಬೇಕಾದದ್ದು. ಎಪ್ಪತ್ತರ ದಶಕದಲ್ಲಿ ತಲೆಗೆ ಲೆಕ್ಕ ಹಾಕಿದರೆ ಜಗತ್ತಿನ ದೊಡ್ಡ ಸಾಹುಕಾರರಲ್ಲಿ ಅವರೂ ಇದ್ದರು. ತೆರಿಗೆ ಇಲ್ಲ. ಸ್ವಂತ ವಿಮಾನ ಸಂಸ್ಥೆ. ಮೆಲ್ಬರ್ನ್‌ನಲ್ಲಿ 52 ಮಹಡಿಯ ಕಟ್ಟಡ. ಲಂಡನ್‌ನಲ್ಲಿ ಒಂದು ಸಂಗೀತ ನಾಟಕಕ್ಕೂ ದುಡ್ಡು ಹಾಕಿದರು, ಅದು ಕೆಲವೇ ವಾರಕ್ಕೆ ಪರದೆ ಎಳೆಯಿತು. ಕಲ್ಲು ಮುಗಿಯುತ್ತಾ ಬಂತು, ಸಾಲ ಬೆಳೆಯಿತು, 2004ರಲ್ಲಿ ಮೆಲ್ಬರ್ನ್ ಕಟ್ಟಡವೂ ಮಾರಾಟ ಆಯಿತು. ಅದೃಷ್ಟ ಅಂದರೆ ಮಾರಿಷಸ್‌ಗಿಂತ ಅವರಿಗೇ ಜಾಸ್ತಿ ಇತ್ತು.

ಮಾರಿಷಸ್‌ನಲ್ಲಿ ಸಕ್ಕರೆಯ ಲಾಭ ಎಸ್ಟೇಟಿನವರ ಕೈಯಿಂದಲೇ ಹೋಟೆಲಿಗೆ, ಬಟ್ಟೆ ಫ್ಯಾಕ್ಟರಿಗೆ ಹೋಯಿತು. ಹಾಂಗ್‌ಕಾಂಗ್‌ನವರ ಜೊತೆ ಊರಿನವರ ಬಂಡವಾಳವೂ ಅರ್ಧದಷ್ಟು ಸೇರಿತ್ತು ಅನ್ನೋದನ್ನು ಜನ ಮರೆಯುತ್ತಾರೆ. ಹೀಗೆಂದು ದಾರಿ ನೇರ ಇರಲಿಲ್ಲ. 1971ರಲ್ಲಿ ಮುಷ್ಕರಗಳು, ತುರ್ತು ಪರಿಸ್ಥಿತಿ, 1972ಕ್ಕೆ ಆಗಬೇಕಿದ್ದ ಚುನಾವಣೆ 1976ಕ್ಕೆ ಹೋಯಿತು. ಸಕ್ಕರೆ ಬೆಲೆ ಬಿದ್ದ ಮೇಲೂ ಖರ್ಚು ನಿಲ್ಲಲಿಲ್ಲ, ಕೊನೆಗೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಹೋಗಿ ತಮ್ಮ ದೇಶದ ರೂಪಾಯಿ ಬೆಲೆಯನ್ನು 1979ರಲ್ಲಿ ನೂರಕ್ಕೆ 30, 1981ರಲ್ಲಿ ಮತ್ತೆ 20 ಇಳಿಸಿದರು. 1982ರಲ್ಲಿ ಜನ ಎಷ್ಟು ಸಿಟ್ಟಾಗಿದ್ದರೆಂದರೆ ಮುಖ್ಯ ದ್ವೀಪದ 60ಕ್ಕೆ 60 ಸೀಟೂ ವಿರೋಧಿಗಳಿಗೆ ಹೋಯಿತು, ರಾಮಗೂಲಾಂ ಸ್ವಂತ ಕ್ಷೇತ್ರದಲ್ಲೇ ಸೋತರು. ಅವರು ಗದ್ದಲವಿಲ್ಲದೆ ಕುರ್ಚಿ ಬಿಟ್ಟರು. ತಮಾಷೆ ಏನು ಗೊತ್ತಾ, ಹೊಸ ಹಣಕಾಸು ಮಂತ್ರಿ ಪಾಲ್ ಬೆರಾಂಜೆ ಒಂದು ಕಾಲದಲ್ಲಿ ಮುಷ್ಕರ ಮಾಡಿಸಿ ಜೈಲಿಗೆ ಹೋಗಿದ್ದ ಎಡಪಂಥೀಯ. ಅವರೇ ಕೂತು ಐಎಂಎಫ್ ಹೇಳಿದ ಬೆಲ್ಟ್ ಬಿಗಿಯೋ ಕೆಲಸ ಮಾಡಬೇಕಾಯಿತು.

ಆಲೆಮನೆ:
ಮೇಷ್ಟ್ರೇ, ಹಾಗಾದರೆ "ನಮ್ಮವರು ಕಷ್ಟಜೀವಿಗಳು" ಅನ್ನೋದು ಪೂರ್ತಿ ಸುಳ್ಳಾ?

ಹಳೇ ಮೇಷ್ಟ್ರು:
ಕಷ್ಟಪಟ್ಟಿದ್ದು ಸುಳ್ಳಲ್ಲಪ್ಪ. ಆದರೆ ಅದೇ ಗಿರಮಿಟ್ ಹಡಗುಗಳು ದಕ್ಷಿಣ ಅಮೆರಿಕದ ಗಯಾನಾಗೂ ಹೋಗಿದ್ದವು. ಅಲ್ಲೂ ಕಬ್ಬು, ಅಲ್ಲೂ ನಮ್ಮ ಕಡೆಯಿಂದ ಹೋದವರು, 1966ರಲ್ಲಿ ಸ್ವಾತಂತ್ರ್ಯ. 1976ರಲ್ಲಿ ಸಕ್ಕರೆ ಪೂರ್ತಿ ಸರ್ಕಾರದ್ದಾಯಿತು, ಎಂಬತ್ತರ ದಶಕಕ್ಕೆ ಆರ್ಥಿಕತೆ ನೆಲ ಕಚ್ಚಿತು. ರಕ್ತ ಒಂದೇ ಇದ್ದರೂ ಫಲ ಬೇರೆ ಬಂತಲ್ಲ.

ಲೆಕ್ಕದ ಪುಸ್ತಕ:
ಒಂದು ದೊಡ್ಡ ತುಂಡು ಯಾರೂ ಮುಟ್ಟಲಿಲ್ಲ, ನಾನು ಆಡಿಟ್ ಕೆಲಸದಲ್ಲಿರೋದರಿಂದ ಅದೇ ಕಣ್ಣಿಗೆ ಬೀಳೋದು. 1982ರಲ್ಲಿ ಭಾರತ ಮತ್ತು ಮಾರಿಷಸ್ ಎರಡೆರಡು ಸಲ ತೆರಿಗೆ ಬೀಳದ ಹಾಗೆ ಒಪ್ಪಂದ ಮಾಡಿಕೊಂಡವು. ಮಾರಿಷಸ್ ಕಂಪನಿ ಇಲ್ಲಿ ಷೇರು ಮಾರಿ ಲಾಭ ಮಾಡಿದರೆ ತೆರಿಗೆ ಅಲ್ಲಿ ಮಾತ್ರ. ಅಲ್ಲಿ ಆ ಲಾಭಕ್ಕೆ ತೆರಿಗೆಯೇ ಇಲ್ಲ. ಹತ್ತು ವರ್ಷ ಯಾರೂ ಗಮನಿಸಲಿಲ್ಲ. 1991ರಲ್ಲಿ ಭಾರತ ಬಾಗಿಲು ತೆರೆಯಿತು, 1992ರಲ್ಲಿ ಅವರು ಹೊರದೇಶದ ಕಂಪನಿಗಳಿಗೆಂದೇ ಕಾನೂನು ತಂದರು. ಆಮೇಲೆ ಅಮೆರಿಕದ ದುಡ್ಡೂ ಮಾರಿಷಸ್ ಟೋಪಿ ಹಾಕಿಕೊಂಡೇ ಬಂತು. 2000ದಿಂದ ಒಂದೂವರೆ ದಶಕ ನಮಗೆ ಬಂದ ವಿದೇಶಿ ಹೂಡಿಕೆಯಲ್ಲಿ ಮೂರನೇ ಒಂದು ಪಾಲು ಆ ಪುಟ್ಟ ದ್ವೀಪದ ಹೆಸರಿನಲ್ಲಿತ್ತು! ನಮ್ಮದೇ ಕೆಲವರ ಕಪ್ಪುಹಣ ಒಂದು ಸುತ್ತು ಹಾಕಿ ವಾಪಸ್ ಬಂದದ್ದೂ ಅದರಲ್ಲಿದೆ ಅಂತ ಗುಮಾನಿ ಮೊದಲಿನಿಂದ ಇತ್ತು. 2016ರಲ್ಲಿ ಒಪ್ಪಂದ ತಿದ್ದಿದರು, 2017ರ ಏಪ್ರಿಲ್ 1ರ ನಂತರ ಕೊಂಡ ಷೇರಿಗೆ ಇಲ್ಲೇ ತೆರಿಗೆ. ಇದನ್ನು ಬುದ್ಧಿ ಅಂತೀರೋ ಚಾಲಾಕಿ ಅಂತೀರೋ ನೀವೇ ನೋಡಿ.

ಕಡಲ್ಕರೆ:
ನೌರು ಉದಾಹರಣೆಗೆ ಸೋತೆ, ಒಪ್ಪಿದೆ. ಆದರೆ ಎಲ್ಲರ ತಟ್ಟೆಗೂ ಬೀಳಲಿಲ್ಲ ಅನ್ನೋದೂ ಇರಲಿ. ಗುಲಾಮರಾಗಿ ಬಂದ ಆಫ್ರಿಕನ್ನರ ಮಕ್ಕಳು, ಅಂದರೆ ಕ್ರಿಯೋಲರು, ಹಿಂದೆ ಉಳಿದರು. 1999ರ ಫೆಬ್ರುವರಿಯಲ್ಲಿ ಕಾಯಾ ಅನ್ನುವ ಹಾಡುಗಾರ ಪೊಲೀಸ್ ಲಾಕಪ್‌ನಲ್ಲಿ ಸತ್ತಾಗ ದ್ವೀಪ ಮೂರು ನಾಲ್ಕು ದಿನ ಹೊತ್ತಿ ಉರಿಯಿತು. ಚಾಗೋಸ್ ದ್ವೀಪಗಳವರ ಕಥೆ ಇನ್ನೂ ಕೆಟ್ಟದ್ದು. ಸ್ವಾತಂತ್ರ್ಯಕ್ಕೆ ಮುಂಚೆ, 1965ರಲ್ಲಿ, ಬ್ರಿಟಿಷರು 30 ಲಕ್ಷ ಪೌಂಡ್ ಕೊಟ್ಟು ಆ ದ್ವೀಪಗಳನ್ನು ಮಾರಿಷಸ್‌ನಿಂದ ಕತ್ತರಿಸಿಕೊಂಡರು, ಅಮೆರಿಕದ ನೆಲೆಗಾಗಿ ಅಲ್ಲಿಯ ಜನರನ್ನು ಹಡಗು ಹತ್ತಿಸಿ ಕಳಿಸಿದರು. ಪೋರ್ಟ್ ಲೂಯಿಯ ಗುಡಿಸಲಿಗೆ ಬಂದು ಬಿದ್ದವರಿಗೆ ಯಾವ ಪವಾಡ?

ದಾರಸೂಜಿ:
ಕೋಟಾ ಕಥೆಗೆ ಬಾಲ ಒಂದಿದೆ. 2005ರ ಜನವರಿ 1ಕ್ಕೆ ಕೋಟಾ ಪದ್ಧತಿ ಮುಗಿಯಿತು. ನಮಗೆ ಆರ್ಡರ್ ಜಾಸ್ತಿ ಆಯಿತು ಅಂತ ಖುಷಿ, ಅಲ್ಲಿ ಹಾಂಗ್‌ಕಾಂಗ್‌ನವರು ಅದಕ್ಕೂ ಮೊದಲೇ ಗಂಟು ಕಟ್ಟತೊಡಗಿದ್ದರು. ಸಾವಿರಾರು ಹೆಂಗಸರು ಮನೆಗೆ. ಉಳಿದ ಫ್ಯಾಕ್ಟರಿಗಳು ಕೆಲಸ ಮಡಗಾಸ್ಕರ್‌ಗೆ ಕಳಿಸಿದವು, ಇಲ್ಲವೇ ಬಾಂಗ್ಲಾದೇಶದಿಂದ ಜನ ತಂದವು.

ಆಲೆಮನೆ:
ಕಬ್ಬಿಗೆ ಏನಾಯಿತು ಕೊನೆಗೆ? ನನಗೆ ಬೇಕಾದದ್ದು ಅದೇ.

ಹಳೇ ಮೇಷ್ಟ್ರು:
2006ರಿಂದ ಯುರೋಪಿನವರು ಸಕ್ಕರೆ ಬೆಲೆಯನ್ನು ಹಂತಹಂತವಾಗಿ ನೂರಕ್ಕೆ 36 ಇಳಿಸಿದರು, ಹಳೇ ಒಪ್ಪಂದ 2009ಕ್ಕೆ ಮುಗಿಯಿತು. ಒಂದು ಕಾಲದಲ್ಲಿ 6, 7 ಲಕ್ಷ ಟನ್ ತೆಗೆಯುತ್ತಿದ್ದ ಕಡೆ ಈಗ 3 ಲಕ್ಷವೂ ಇಲ್ಲ. ಕಾರ್ಖಾನೆ ಉಳಿದಿರುವುದು ಮೂರು. ಆದರೆ ಕಬ್ಬಿನ ಸಿಪ್ಪೆ ಉರಿಸಿ ಕರೆಂಟ್ ಮಾಡಿ ಮಾರುತ್ತಾರೆ. ಬಿಳಿ ಸಕ್ಕರೆ ಜೊತೆಗೆ ಕಂದು ಬಣ್ಣದ ವಿಶೇಷ ಸಕ್ಕರೆಯನ್ನೂ ಮಾಡುತ್ತಾರೆ, ಅದಕ್ಕೆ ಬೆಲೆ ಜಾಸ್ತಿ.

ಆಲೆಮನೆ:
ಓ, ಅಕ್ಕ ತಂದ ಪೊಟ್ಟಣ ಅದೇ ಇರಬೇಕು! ಅಪ್ಪ ಚಿಟಿಕೆ ಬಾಯಿಗೆ ಹಾಕಿಕೊಂಡು, "ಇಷ್ಟು ದುಡ್ಡು ಕೊಟ್ಟು ಬೆಲ್ಲದ ಪುಡಿ ತಂದಿದಾಳಲ್ಲೋ" ಅಂದರು.